ಬೆಲ್ಲನ ಮೆಟ್ಟಿಲು

"ನಾಯಿಗೆ ಯಾರಾದ್ರೂ ಈಜು ಕಲಿಸ್ತಾರಾ? ಅದು ಹುಟ್ಟುವಾಗಲೇ ಕಲಿತು ಬಂದಿರುತ್ತೆ ಬಿಡಿ."

ಈ ಮಾತನ್ನು ಬೆಂಗಳೂರಲ್ಲೂ ಕೇಳಿದ್ದೀನಿ, ಈಗ ಇರುವ ಅರಿಜೋನಾದಲ್ಲೂ ಕೇಳ್ತಾ ಇರ್ತೀನಿ. ಅರ್ಧ ನಿಜವೇ. ನಾಯಿಯನ್ನು ಎತ್ತಿ ನೀರಿನ ಮೇಲೆ ಹಿಡಿದರೆ ಸಾಕು, ಎಷ್ಟೋ ನಾಯಿಗಳು ನೀರು ಮುಟ್ಟುವ ಮೊದಲೇ ಗಾಳಿಯಲ್ಲಿ ಕಾಲು ಬಡಿಯೋಕೆ ಶುರುಮಾಡುತ್ತವೆ. ಉಳಿದರ್ಧವನ್ನು ಮಾತ್ರ ಯಾರೂ ಹೇಳೋದಿಲ್ಲ. ಈಜು ಚೆನ್ನಾಗಿ ಬರುವ ನಾಯಿಯೂ ಮನೆಯ ಈಜುಕೊಳದಲ್ಲಿ ಸಾಯುತ್ತದೆ. ಯಾಕೆಂದರೆ ಈಜೋದು ಬೇರೆ, ಹತ್ತಿ ಹೊರಗೆ ಬರೋದು ಬೇರೆ. ಕಾಲು ಸೋಲುವುದರೊಳಗೆ ಹತ್ತುವ ಜಾಗ ಸಿಗದಿದ್ದರೆ ಎಂಥ ಈಜುಗಾರ ನಾಯಿಯಾದರೂ ಅಷ್ಟೇ.

ಫೀನಿಕ್ಸ್‌ಗೆ ವಿಮಾನದಲ್ಲಿ ಇಳಿಯುವಾಗ ಕಿಟಕಿ ಪಕ್ಕ ಸೀಟು ಸಿಕ್ಕರೆ ಕೆಳಗೆ ನೋಡಿ. ಮಣ್ಣುಬಣ್ಣದ ಮರುಭೂಮಿ, ಮಣ್ಣುಬಣ್ಣದ ಮನೆಗಳು, ಹಿತ್ತಿಲು ಹಿತ್ತಿಲಲ್ಲೂ ಒಂದೊಂದು ನೀಲಿ ಚುಕ್ಕಿ. ಯಾರೋ ರಂಗೋಲಿಗೆ ಚುಕ್ಕಿ ಇಟ್ಟು ಎಳೆ ಎಳೆಯೋದು ಮರೆತು ಎದ್ದುಹೋದ ಹಾಗೆ. ಇಲ್ಲಿ ಪೂಲ್ ಅಂದರೆ ಶ್ರೀಮಂತರ ಶೋಕಿ ಅಲ್ಲ. 2023ರ ಬೇಸಿಗೆಯಲ್ಲಿ ಈ ಊರಲ್ಲಿ ಸತತ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 43 ಡಿಗ್ರಿ ಸೆಲ್ಸಿಯಸ್, ಮುಟ್ಟಿತ್ತು ಇಲ್ಲವೇ ದಾಟಿತ್ತು. ಪಕ್ಕದ ಚಾಂಡ್ಲರ್‌ನಲ್ಲಿ, ಚಿಪ್ ಫ್ಯಾಕ್ಟರಿಗಳನ್ನು ನಂಬಿಕೊಂಡು ಬಂದ ನಮ್ಮಂಥವರು ಮನೆ ಕೊಳ್ಳುವಾಗ, ಪೂಲ್ ಬೇಕೋ ಬೇಡವೋ, ಮನೆಯ ಜೊತೆ ಅದೂ ಬಂದುಬಿಡುತ್ತದೆ. ನಮಗೂ ಹಾಗೇ ಬಂತು.

ಅದಕ್ಕೂ ಮೊದಲೇ ಬಂದವನು ಬೆಲ್ಲ. ಇಲ್ಲಿನ ಪ್ರಾಣಿ ಆಶ್ರಯಕೇಂದ್ರದಿಂದ ತಂದ ಗಂಡುನಾಯಿ. ತಾಯಿ ಚಿವಾವಾ, ತಂದೆ ಡ್ಯಾಶ್‌ಹುಂಡ್ ಇರಬಹುದು ಅಂತ ಅವರ ಅಂದಾಜು. ಉದ್ದ ಬೆನ್ನು, ಗೇಣುದ್ದದ ಕಾಲು, ಅಚ್ಚುಬೆಲ್ಲದ ಬಣ್ಣ. ನಾವು ಬೆಲ್ಲ ಅಂದರೆ ಇಲ್ಲಿಯವರ ಕಿವಿಗೆ 'ಬೆಲ್ಲಾ' ಅಂತ ಬೀಳುತ್ತದೆ. ಅದು ಇಲ್ಲಿ ಹೆಣ್ಣುನಾಯಿಗಳಿಗೆ ಇಡುವ ಹೆಸರು. ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಪ್ರತಿ ಸಲವೂ "ಅವಳಿಗೆ ಎಷ್ಟು ವಯಸ್ಸು?" ಅಂತ ಕೇಳುತ್ತಾರೆ, ನಾನು ಪ್ರತಿ ಸಲವೂ ತಿದ್ದುತ್ತೇನೆ. ಬೆಲ್ಲನಿಗೆ ಅದರ ಚಿಂತೆಯಿಲ್ಲ, ಬಿಸ್ಕತ್ತು ಸಿಕ್ಕರೆ ಆಯಿತು.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ನಾವು ಬಂದಾಗ ಅವರ ಹತ್ತಿರ ಹದಿಮೂರು ವರ್ಷದ ಲ್ಯಾಬ್ರಡಾರ್ ಇತ್ತು. ಲ್ಯಾಬ್ರಡಾರ್ ಅಂದರೆ ನೀರಿಗಾಗಿಯೇ ಹುಟ್ಟಿದ ತಳಿ. ಅದರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಜೊತೆ ಬಲೆ ಎಳೆಯುತ್ತಿದ್ದ ನಾಯಿಗಳು. ಬೆರಳ ನಡುವೆ ಚರ್ಮ, ಚುಕ್ಕಾಣಿಯಂಥ ಬಾಲ, ನೀರು ಒಳಗೆ ಇಳಿಯದ ಎರಡು ಪದರದ ತುಪ್ಪಳ. ಆ ನಾಯಿ ತನ್ನ ಮನೆಯ ಪೂಲಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಈಜಿತ್ತು. ಕೊನೆಕೊನೆಗೆ ಕಣ್ಣಿಗೆ ಪೊರೆ ಬಂದಿತ್ತು, ಹಿಂಗಾಲಲ್ಲಿ ಶಕ್ತಿ ಕಡಿಮೆಯಾಗಿತ್ತು. ಆ ವರ್ಷದ ಅಕ್ಟೋಬರಿನ ಒಂದು ರಾತ್ರಿ ಅಡುಗೆಮನೆಯ ಬಾಗಿಲಿನ ನಾಯಿಗಿಂಡಿಯಿಂದ ಉಚ್ಚೆಗೆ ಅಂತ ಹೊರಗೆ ಹೋಗಿದೆ. ಬೆಳಿಗ್ಗೆ ಅಜ್ಜಿ ಕಾಫಿ ಹಿಡಿದು ಹೊರಗೆ ಬಂದಾಗ ಪೂಲಿನಲ್ಲಿ ತೇಲುತ್ತಿತ್ತು.

ನನ್ನ ಗಂಡ ಹೋಗಿ ಅದನ್ನು ಎತ್ತಿಕೊಟ್ಟ. ವಾಪಸ್ ಬಂದವನು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಇಷ್ಟೇ: ಪೂಲಿನ ಒಂದು ಬದಿಯ ಅಂಚಿನ ಕೆಳಗೆ ಉದ್ದಕ್ಕೂ ಉಗುರಿನ ಗೀರು. ಮೆಟ್ಟಿಲು ಇದ್ದದ್ದು ಎದುರಿನ ಮೂಲೆಯಲ್ಲಿ.

ಆ ರಾತ್ರಿ ನಾವು ಯಾರೂ ಒಂದು ಸದ್ದನ್ನೂ ಕೇಳಿರಲಿಲ್ಲ. ಎರಡು ಮನೆಯ ನಡುವೆ ಇರೋದು ಒಂದೇ ಗೋಡೆ. ಮುಳುಗುತ್ತಿರುವ ನಾಯಿ ಬೊಗಳುವುದಿಲ್ಲ, ಅದಕ್ಕೆ ಉಸಿರು ಬೇಕಲ್ಲ. ತಲೆ ಮೇಲೆತ್ತಿ, ಮುಂಗಾಲಲ್ಲಿ ಗೋಡೆ ಕೆರೆಯುತ್ತಾ, ಸದ್ದಿಲ್ಲದೆ ಸುಸ್ತಾಗುತ್ತದೆ.

ಆಗ ನಮ್ಮಮ್ಮ ತೀರ್ಥಹಳ್ಳಿ ಕಡೆಯಿಂದ ಬಂದು ನಮ್ಮ ಜೊತೆಗಿದ್ದರು. ಬಂದ ದಿನದಿಂದ ಪೂಲ್ ಕಂಡರೆ ಅವರಿಗೆ ಒಂಥರಾ ಅನುಮಾನ. ಅವತ್ತು ಸಂಜೆ ಹಿತ್ತಿಲ ಬಾಗಿಲಲ್ಲಿ ನಿಂತು ನೀರನ್ನೇ ನೋಡುತ್ತಾ ಹೇಳಿದರು:

"ಅಲ್ವೇ, ಬಾವಿಗೆ ಕಟ್ಟೆ ಇರುತ್ತೆ, ಕೆರೆಗೆ ದಂಡೆ ಇರುತ್ತೆ. ಇದಕ್ಕೆ ಎರಡೂ ಇಲ್ವಲ್ಲೇ. ಬೀಳದ ಹಾಗೆ ತಡೆಯೋದೂ ಇಲ್ಲ, ಬಿದ್ದೋರು ಹತ್ತೋಕೂ ಆಗಲ್ಲ. ಇದೆಂಥ ನೀರೇ?"

ಇಂಜಿನಿಯರಿಂಗ್ ಓದಿದ್ದು ನಾನು. ಆದರೆ ಈಜುಕೊಳದ ವಿನ್ಯಾಸದ ಸಮಸ್ಯೆಯನ್ನು ಎರಡೇ ವಾಕ್ಯದಲ್ಲಿ ಹೇಳಿದ್ದು ಅಮ್ಮ. ನಮ್ಮೂರ ಬಾವಿಗೆ ಸೊಂಟದೆತ್ತರದ ಕಟ್ಟೆ ಇದೆ, ದನಕರು ನಾಯಿ ಯಾವುದೂ ನಡೆದುಹೋಗಿ ಬೀಳೋದಿಲ್ಲ. ಕೆರೆಗೆ ಇಳಿಜಾರು ದಂಡೆ, ಇಳಿದ ಎಮ್ಮೆ ತನ್ನ ಪಾಡಿಗೆ ತಾನು ಎದ್ದು ಬರುತ್ತದೆ. ಮೇಲುಕೋಟೆಯ ಕಲ್ಯಾಣಿ, ಹಳೇಬೀಡಿನ ಹತ್ತಿರದ ಹುಲಿಕೆರೆಯ ಕೊಳ ನೋಡಿದ್ದೀರಲ್ಲ? ನಾಲ್ಕೂ ಸುತ್ತ ಮೆಟ್ಟಿಲು. ಯಾವ ಕಡೆ ಈಜಿದರೂ ಕಾಲಿಗೆ ಕಲ್ಲು ಸಿಗುತ್ತದೆ. ಮನೆಯ ಪೂಲಿನಲ್ಲಿ ನೀರು ನೆಲಕ್ಕೆ ಹೆಚ್ಚುಕಡಿಮೆ ಸಮ, ಸುತ್ತಲೂ ನುಣುಪು ನೆಟ್ಟನೆ ಗೋಡೆ, ಮೆಟ್ಟಿಲು ಒಂದೇ ಮೂಲೆಯಲ್ಲಿ. ಮನುಷ್ಯರಾದರೆ ಎರಡು ಕೈ ಊರಿ ಅಂಚು ಹತ್ತುತ್ತೇವೆ. ನಾಯಿಯ ಮುಂಗಾಲಿಗೆ ಆ ಕೆಲಸ ಬರೋದಿಲ್ಲ.

ಹಾಗಾಗಿ ನಾವು ಮಾಡಬೇಕಾದ ಕೆಲಸ ಎರಡು ಅಂತಾಯಿತು. ಒಂದು ಕಟ್ಟೆ, ಇನ್ನೊಂದು ದಂಡೆ.

ಕಟ್ಟೆ ಅಂದರೆ ಬೇಲಿ. ಆರು ವರ್ಷದೊಳಗಿನ ಮಕ್ಕಳಿರುವ ಮನೆಯ ಪೂಲಿನ ಸುತ್ತ ಕನಿಷ್ಠ 5 ಅಡಿ ಎತ್ತರದ ತಡೆ ಇರಬೇಕು, ಗೇಟು ತಾನಾಗಿಯೇ ಮುಚ್ಚಿ ತಾನಾಗಿಯೇ ಚಿಲಕ ಬೀಳಬೇಕು ಅಂತ ಅರಿಜೋನಾದ ಕಾನೂನೇ ಹೇಳುತ್ತದೆ. ನಾಯಿ ಇರುವ ಮನೆಗೆ ಅಂತ ಅಂಥ ಕಾನೂನಿಲ್ಲ. ಆದರೆ ಮಕ್ಕಳಿಗೆ ಅಂತ ಮಾಡಿದ್ದು ನಾಯಿಗೂ ಆಗುತ್ತದೆ, ಒಂದೆರಡು ತಿದ್ದುಪಡಿ ಬೇಕು ಅಷ್ಟೇ. ಮಗು ನೆಲ ಕೆರೆಯೋದಿಲ್ಲ, ನಾಯಿ ಕೆರೆಯುತ್ತದೆ, ಹಾಗಾಗಿ ಬೇಲಿಯ ಬುಡ ಮಣ್ಣಿನ ಮೇಲೆ ಇರಬಾರದು. ಸರಳುಗಳ ನಡುವೆ ನಾಲ್ಕು ಇಂಚಿನ ಚೆಂಡು ತೂರಬಾರದು ಅನ್ನೋದು ಇಲ್ಲಿನ ನಿಯಮ. ಚಿವಾವಾ ಮರಿಗೆ ಅದಕ್ಕಿಂತ ಕಡಿಮೆ ಜಾಗ ಸಾಕು. ನಾವು ಸರಳಿನ ಬದಲು ಬಲೆಬೇಲಿ ಹಾಕಿಸಿದೆವು. ನಾಯಿಗಿಂಡಿ ಮೊದಲು ನೇರ ಪೂಲಿನ ಅಂಗಳಕ್ಕೇ ತೆರೆಯುತ್ತಿತ್ತು, ಈಗ ಬೇಲಿಯ ಈಚೆ ಬದಿಗೆ ತೆರೆಯುತ್ತದೆ.

ಬೇಲಿ ಎಷ್ಟೇ ಗಟ್ಟಿಯಾಗಿರಲಿ, ಗೇಟು ತೆರೆದಿಟ್ಟರೆ ಮುಗೀತು. ವಾರಕ್ಕೊಮ್ಮೆ ಪೂಲ್ ತೊಳೆಯಲು ಬರುವ ಹುಡುಗ ಕೈಯಲ್ಲಿ ಸಾಮಾನು ಇದೆ ಅಂತ ಗೇಟಿಗೆ ಬಕೆಟ್ ಒತ್ತು ಕೊಡುತ್ತಿದ್ದ. ಅವನ ಕಷ್ಟ ಅವನಿಗೆ. ಅದಕ್ಕೇ ಅವನು ಬರುವ ದಿನ ಬೆಲ್ಲ ಮನೆಯೊಳಗೆ, ಗಿಂಡಿಗೆ ಬೀಗ. ಕ್ಯಾಲೆಂಡರಿನಲ್ಲಿ ಸ್ಟ್ಯಾಂಡ್‌ಅಪ್ ಮೀಟಿಂಗಿನ ಪಕ್ಕದಲ್ಲೇ ಅದೂ ಇದೆ.

ಇನ್ನು ದಂಡೆ. ಇದರಲ್ಲಿ ನಮಗೊಂದು ಆಶ್ಚರ್ಯ ಕಾದಿತ್ತು. ಪೂಲಿಗೆ ಮೆಟ್ಟಿಲು ಇದೆಯಲ್ಲ, ಅದನ್ನೇ ತೋರಿಸಿಕೊಟ್ಟರೆ ಆಯಿತು ಅಂದುಕೊಂಡು ಬೆಲ್ಲನನ್ನು ಮೇಲಿನ ಮೆಟ್ಟಿಲ ಮೇಲೆ ನಿಲ್ಲಿಸಿದೆವು. ಮೂಗೊಂದು ಬಿಟ್ಟು ಉಳಿದದ್ದೆಲ್ಲ ನೀರೊಳಗೆ! ಮನುಷ್ಯರ ಕಾಲಿಗೆ ಅಳೆದು ಕಟ್ಟಿದ ಮೆಟ್ಟಿಲು ಅದು, ಒಂದಡಿ ನೀರಿನಲ್ಲಿದೆ. ಲ್ಯಾಬ್ರಡಾರಿಗೆ ಮೆಟ್ಟಿಲು, ಬೆಲ್ಲನಿಗೆ ಅದೂ ಗೋಡೆಯೇ. ಕೊನೆಗೆ ಆ ಮೆಟ್ಟಿಲ ಮೇಲೆ ಜಾರದ ಹಾಗೆ ರಬ್ಬರ್ ಹಾಸಿದ ಒಂದು ಸಣ್ಣ ಮಣೆ ಕೂರಿಸಿ, ನೀರು ಅವನ ಎದೆಗೂ ಕೆಳಗೆ ಬರುವ ಹಾಗೆ ಮಾಡಿದೆವು. ಎದುರು ಬದಿಯಲ್ಲಿ ನಾಯಿಗಳಿಗೆಂದೇ ಸಿಗುವ ತೇಲುವ ರ‍್ಯಾಂಪ್ ಕಟ್ಟಿದೆವು. ಈಗ ಹತ್ತೋಕೆ ಎರಡು ಜಾಗ. ನಿಮ್ಮ ಮನೆಯಲ್ಲಿ ಪೂಲ್ ಇದ್ದರೆ ಮೊದಲು ಮಾಡಬೇಕಾದದ್ದು ಇದೇ: ಮೆಟ್ಟಿಲಲ್ಲಿ ನಿಮ್ಮ ನಾಯಿಯ ಕಾಲು ನಿಜವಾಗಿ ಊರುತ್ತದಾ ಅಂತ ನೋಡಿ.

ಮೆಟ್ಟಿಲು ಇದ್ದರೆ ಸಾಲದು, ಅದು ಎಲ್ಲಿದೆ ಅಂತ ನಾಯಿಗೆ ಗೊತ್ತಿರಬೇಕು. ಇದನ್ನು ಕಲಿಸೋಕೆ ನಮಗೆ ಸುಮಾರು ಮೂರು ವಾರ ಹಿಡಿಯಿತು, ದಿನಕ್ಕೆ ಐದೇ ನಿಮಿಷ. ಬೆನ್ನ ಮೇಲೆ ಹಿಡಿಕೆ ಇರುವ ನಾಯಿಗಳ ಲೈಫ್ ಜಾಕೆಟ್ ಹಾಕಿ, ಕೊರಳಪಟ್ಟಿಗಲ್ಲ, ಎದೆಪಟ್ಟಿಗೆ ಹಗ್ಗ ಕಟ್ಟಿ, ಮೆಟ್ಟಿಲಿಂದಲೇ ಇಳಿಸೋದು, ಅಲ್ಲೇ ತಿರುಗಿಸಿ ಹತ್ತಿಸೋದು. ಮೊದಮೊದಲು ನಾಯಿ ನೀರಲ್ಲಿ ನೆಟ್ಟಗೆ ನಿಂತುಕೊಂಡು ಮುಂಗಾಲು ಮಾತ್ರ ಬಡಿಯುತ್ತದೆ, ಹಿಂಭಾಗ ಮುಳುಗುತ್ತದೆ. ಹೊಟ್ಟೆಯ ಕೆಳಗೆ ಕೈ ಕೊಟ್ಟು ಹಿಂಭಾಗ ಎತ್ತಿ ಹಿಡಿದರೆ ನಾಲ್ಕೂ ಕಾಲು ಕೆಲಸಕ್ಕೆ ಬರುತ್ತವೆ. ಬಿಸ್ಕತ್ತು ನೀರೊಳಗೆ ಇಳಿದಾಗ ಇಲ್ಲ, ಹತ್ತಿ ಹೊರಗೆ ಬಂದಾಗ ಮಾತ್ರ. ಇದು ಮುಖ್ಯ. ನಾವು ಕಲಿಸ್ತಾ ಇರೋದು ಇಳಿಯೋದನ್ನಲ್ಲ, ಹತ್ತೋದನ್ನ. ಮೆಟ್ಟಿಲ ಹತ್ತಿರದಿಂದ ಅಭ್ಯಾಸವಾದ ಮೇಲೆ ನಡುವಿನಿಂದ, ಆಮೇಲೆ ಎದುರು ಗೋಡೆಯಿಂದ, ಆಮೇಲೆ ಆಳದ ಮೂಲೆಯಿಂದ. ಎತ್ತಿ ನೀರಿಗೆ ಎಸೆದು "ತಾನೇ ಕಲಿಯುತ್ತೆ" ಅನ್ನೋ ಪಾಠ ಮಾತ್ರ ಬೇಡ. ಅದರಿಂದ ನಾಯಿ ಕಲಿಯೋದು ಹೆದರಿಕೆಯೊಂದೇ. ಹೆದರಿದ ನಾಯಿ ಕಣ್ಣೆದುರಿನ ಗೋಡೆಯನ್ನೇ ಕೆರೆಯುತ್ತದೆ.

ನೀರಿನ ಮಟ್ಟದಿಂದ ನೋಡುವ ನಾಯಿಗೆ ಮೆಟ್ಟಿಲು ಕಾಣೋದಿಲ್ಲ, ಅದು ನೀರೊಳಗಿದೆ. ಹಾಗಾಗಿ ಮೆಟ್ಟಿಲ ಪಕ್ಕ ಎತ್ತರದ ಗುರುತೊಂದು ಬೇಕು. ನಾಯಿಗಳ ಕಣ್ಣಿಗೆ ಕೆಂಪು ಹಸಿರು ಸರಿಯಾಗಿ ಬೇರೆಬೇರೆ ಕಾಣೋದಿಲ್ಲ, ನೀಲಿ ಹಳದಿ ಕಾಣುತ್ತವೆ. ಪೂಲೇ ನೀಲಿ. ನಾವು ದೊಡ್ಡ ಹಳದಿ ಕುಂಡವೊಂದನ್ನು ತಂದು ಮೆಟ್ಟಿಲ ಪಕ್ಕ ಇಟ್ಟೆವು. ಅಮ್ಮ ಅದರಲ್ಲಿ ತುಳಸಿ ನೆಟ್ಟು, "ಇನ್ನು ಅದು ದಾರಿ ತಪ್ಪಲ್ಲ ಬಿಡು" ಅಂದರು.

ಇನ್ನೊಂದು ಸಣ್ಣ ವಿಷಯ, ಆದರೆ ಗಾಬರಿಯಲ್ಲಿ ಎಲ್ಲರೂ ತಿರುವುಮುರುವು ಮಾಡೋದು ಇದನ್ನೇ. ನಾಯಿ ನೀರಿಗೆ ಬಿದ್ದರೆ ನಾವು ಹತ್ತಿರದ ಅಂಚಿಗೆ ಓಡಿ "ಬಾ ಬಾ" ಅಂತ ಕರೆಯುತ್ತೇವೆ. ಅದು ಪಾಪ ನಮ್ಮನ್ನು ನಂಬಿ ನಾವಿದ್ದಲ್ಲಿಗೇ ಬರುತ್ತದೆ, ಬಂದು ಗೋಡೆಗೆ ಬಡಿಯುತ್ತದೆ. ಕರೆಯೋದಾದರೆ ಮೆಟ್ಟಿಲ ಹತ್ತಿರ ಓಡಿ, ಅಲ್ಲಿಂದ ಕರೆಯಿರಿ.

ಮುಳುಗೋದೊಂದೇ ಅಪಾಯ ಅಂದುಕೊಳ್ಳಬೇಡಿ. ನೀರು ಬೆಚ್ಚಗಿರಲಿ ಅಂತ ಮೇಲೆ ಹೊದಿಸುವ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹೊದಿಕೆ ನಾಯಿಯ ಕಣ್ಣಿಗೆ ನೆಲದ ಹಾಗೇ ಕಾಣುತ್ತದೆ. ಕಾಲಿಟ್ಟರೆ ಅದು ಕುಸಿದು ನಾಯಿಯನ್ನು ಸುತ್ತಿಕೊಳ್ಳುತ್ತದೆ, ಮೇಲೆ ಬರಲು ಜಾಗವೇ ಇರೋದಿಲ್ಲ. ಹೊದಿಕೆ ಬೇಕೇಬೇಕಾದರೆ ನಾಲ್ಕೂ ಕಡೆ ನೆಲಕ್ಕೆ ಬಿಗಿದ, ಭಾರ ತಾಳುವ ಸುರಕ್ಷತಾ ಹೊದಿಕೆಯೇ ಆಗಬೇಕು. ಕ್ಲೋರಿನ್ ಬಿಲ್ಲೆ ತುಂಬಿ ತೇಲಿಬಿಡುವ ಡಬ್ಬ ನಾಯಿಗೆ ಚೆಂಡು. ಚೆಂಡು ಎಸೆದು ತರಿಸುವ ಆಟ ಅತಿಯಾದರೆ ನಾಯಿ ಬಾಯಿಬಿಟ್ಟಾಗಲೆಲ್ಲ ನೀರು ನುಂಗುತ್ತದೆ. ಒಮ್ಮೆಗೇ ಹೆಚ್ಚು ನುಂಗಿದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಕುತ್ತು. ಹತ್ತು ನಿಮಿಷ ಆಟ, ಆಮೇಲೆ ವಿರಾಮ, ಪಕ್ಕದಲ್ಲಿ ಕುಡಿಯಲು ಬೇರೆ ನೀರು. ಬೇಸಿಗೆಯಲ್ಲಿ ಪೂಲಿನ ಸುತ್ತಲಿನ ನೆಲ ಕಾದ ಹೆಂಚು. ಅಂಗೈ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಸೆಕೆಂಡ್ ಇಟ್ಟುಕೊಳ್ಳೋಕೆ ಆಗದಿದ್ದರೆ ನಾಯಿಯ ಪಾದಕ್ಕೂ ಆಗೋದಿಲ್ಲ.

ಜುಲೈನಲ್ಲಿ ಇಲ್ಲಿ ಮುಂಗಾರು ಬರುತ್ತದೆ. ಹೌದು, ಇವರೂ ಅದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ಮೊದಲ ಮಳೆಗೆ ಸೊನೋರಾ ಮರುಭೂಮಿಯ ದಪ್ಪ ಕಪ್ಪೆಗಳು ನೆಲದಿಂದೆದ್ದು ಪೂಲಿನ ಕಡೆ ಬರುತ್ತವೆ. ಅವುಗಳ ಚರ್ಮದಲ್ಲಿ ವಿಷವಿದೆ, ಬಾಯಿಗೆ ಹಾಕಿದ ನಾಯಿ ಜೊಲ್ಲು ಸುರಿಸುತ್ತಾ ಬಿದ್ದುಬಿಡುತ್ತದೆ. ತಕ್ಷಣ ಬಟ್ಟೆಯಿಂದ ಒಸಡು ಒರೆಸಿ, ನೀರು ಗಂಟಲಿಗೆ ಹೋಗದ ಹಾಗೆ ತಲೆ ಬಗ್ಗಿಸಿ ಬಾಯಿ ತೊಳೆದು, ವೈದ್ಯರ ಹತ್ತಿರ ಓಡಬೇಕು. ಮಳೆಗಾಲದ ರಾತ್ರಿ ಬೆಲ್ಲ ಹಗ್ಗವಿಲ್ಲದೆ ಹೊರಗೆ ಹೋಗೋದಿಲ್ಲ. ಚಳಿಗಾಲದಲ್ಲಿ ಬೇರೆ ಲೆಕ್ಕ: ನೀರು ತಣ್ಣಗಾದಷ್ಟೂ ನಾಯಿ ಬೇಗ ಸೋಲುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಆಗಬಾರದ್ದು ಆದರೆ? ಹಿಂಗಾಲು ಹಿಡಿದು ತಲೆಕೆಳಗು ಮಾಡಿ ಬೀಸೋದು ಬೇಡ, ಸಮಯ ಹಾಳು. ಬಾಯಿ ಒರೆಸಿ, ನಾಲಿಗೆ ಮುಂದೆ ಎಳೆದು, ಉಸಿರಾಟ ನೋಡಿ. ಉಸಿರಿಲ್ಲದಿದ್ದರೆ ಪಕ್ಕಕ್ಕೆ ಮಲಗಿಸಿ, ಬಾಯಿ ಮುಚ್ಚಿ ಹಿಡಿದು ಮೂಗಿನ ಮೂಲಕ ಎರಡು ಸಲ ಉಸಿರು ಊದಿ, ಎದೆಯನ್ನು 30 ಸಲ ಒತ್ತಬೇಕು. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಮತ್ತೆ ಎರಡು ಉಸಿರು, ಮತ್ತೆ 30. ಒಬ್ಬರು ಇದನ್ನು ಮಾಡುತ್ತಿರುವಾಗಲೇ ಇನ್ನೊಬ್ಬರು ಕಾರು ತೆಗೆಯಬೇಕು. ನಾಯಿ ಎದ್ದು ಮೈ ಕೊಡವಿಕೊಂಡು ಬಾಲ ಅಲ್ಲಾಡಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಶ್ವಾಸಕೋಶಕ್ಕೆ ಹೋದ ನೀರು ಎಷ್ಟೋ ಗಂಟೆಗಳ ನಂತರ ಉಸಿರು ಕಟ್ಟಿಸಬಲ್ಲದು.

ಬೆಂಗಳೂರಿನ ಸ್ನೇಹಿತರಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ "ನಿಮಗೇನಮ್ಮ, ಪೂಲ್ ಇರೋರು" ಅಂತ ನಕ್ಕರು. ಆಮೇಲೆ ಲೆಕ್ಕ ಹಾಕಿದರೆ ಅವರೂ ತಮ್ಮ ನಾಯಿಯನ್ನು ಕಟ್ಟಿಕೊಂಡು ಪೂಲಿಗೇ ಹೋಗುತ್ತಿದ್ದಾರೆ: ಸಕಲೇಶಪುರದ ಹೋಂಸ್ಟೇ, ಕನಕಪುರ ರಸ್ತೆಯ ಫಾರ್ಮ್‌ಹೌಸ್, ದೇವನಹಳ್ಳಿಯ ಭಾವನ ವಿಲ್ಲಾ. 'ನಾಯಿ ತರಬಹುದು' ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಆ ಪೂಲಿಗೆ ನಾಯಿಯ ಮೆಟ್ಟಿಲು ಇದೆ ಅಂತಲ್ಲ. ಎಷ್ಟೋ ಕಡೆ ಇರೋದು ನೆಟ್ಟನೆಯ ಸ್ಟೀಲ್ ಏಣಿ, ಅದನ್ನು ಯಾವ ನಾಯಿಯೂ ಹತ್ತಲಾರದು. ಹೋಗುವ ಮೊದಲು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ, ಮೆಟ್ಟಿಲಾ ಏಣಿಯಾ ಅಂತ. ಅದರಲ್ಲೂ ಮನೆಯಲ್ಲಿ ಪಗ್ ಇದ್ದರೆ. ಚಪ್ಪಟೆ ಮೂತಿ, ಭಾರದ ತಲೆ, ಗಿಡ್ಡ ಕಾಲು: ಪಗ್, ಬುಲ್‌ಡಾಗ್‌ಗಳಿಗೆ ಮೂಗು ನೀರಿನ ಮೇಲೆ ಇಟ್ಟುಕೊಳ್ಳೋದೇ ದೊಡ್ಡ ಕೆಲಸ. ಜಾಕೆಟ್ ಇಲ್ಲದೆ ಅವನ್ನು ನೀರಿನ ಹತ್ತಿರ ಬಿಡಲೇಬಾರದು. ನಮ್ಮ ಮುಧೋಳದ ನಾಯಿ ಓಟಕ್ಕೆ ಹುಟ್ಟಿದ್ದು, ಮೈಯಲ್ಲಿ ಕೊಬ್ಬು ಕಡಿಮೆ, ನೀರಲ್ಲಿ ಬೇಗ ಚಳಿ ಹಿಡಿಯುತ್ತದೆ.

ಊರ ಕಡೆ ಜಮೀನಿದ್ದವರಿಗೆ ಇನ್ನೊಂದು ಮಾತು. ಕೃಷಿಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪೂಲಿನ ಗೋಡೆಗಿಂತ ಕೆಟ್ಟದ್ದು. ದಂಡೆ ಇಳಿಜಾರಾಗಿಯೇ ಕಾಣುತ್ತದೆ, ಆದರೆ ಪಾಚಿ ಕಟ್ಟಿ ಜಾರುತ್ತದೆ. ನಾಯಿಯಿರಲಿ, ಮನುಷ್ಯರೂ ಹತ್ತಲಾರರು. ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ, ಒಂದು ಬದಿಗೆ ಮರದ ಪಟ್ಟಿ ಹೊಡೆದ ಏಣಿ, ಇಷ್ಟಾದರೂ ಇರಲಿ. ಮಲೆನಾಡಿನ ತೆರೆದ ಬಾವಿಗೆ ಚಿರತೆ ಬಿದ್ದರೆ ಅರಣ್ಯ ಇಲಾಖೆಯವರು ಎಷ್ಟೋ ಸಲ ಮಾಡೋದೂ ಅದನ್ನೇ. ಏಣಿ ಇಳಿಸಿ ದೂರ ನಿಲ್ಲುತ್ತಾರೆ. ಹತ್ತೋಕೆ ಆಸರೆ ಸಿಕ್ಕರೆ ಚಿರತೆ ತಾನೇ ಹತ್ತಿ ಹೋಗುತ್ತದೆ.

ಪ್ರತಿ ವರ್ಷ ಏಪ್ರಿಲ್ ಮೊದಲ ಶನಿವಾರ ಬೆಲ್ಲನಿಗೆ ಪರೀಕ್ಷೆ. ನಾಲ್ಕೂ ಮೂಲೆಯಿಂದ ಒಂದೊಂದು ಸಲ ಬಿಟ್ಟು, ನಾವು ಬಾಯಿ ಮುಚ್ಚಿಕೊಂಡು ನಿಲ್ಲುತ್ತೇವೆ. ಹಳದಿ ಕುಂಡದ ಕಡೆ ತಿರುಗಿದರೆ ಪಾಸು. ಅವನಿಗೂ ಈಗ ಒಂಬತ್ತಾಯಿತು. ಮುಂದೊಂದು ದಿನ ಕಣ್ಣು ಮಂಜಾಗುತ್ತದೆ, ನೆನಪು ಸಡಿಲವಾಗುತ್ತದೆ, ಕುಂಡ ಕಾಣದೆ ಹೋಗಬಹುದು. ಅವತ್ತಿನಿಂದ ಪೂಲಿನ ಬದಿಗೆ ಅವನ ಓಡಾಟವೇ ಬಂದ್. ಈಜಿ ಈಜಿ ಹಳಬರಾದ ನಾಯಿಗಳ ವಿಷಯದಲ್ಲೇ ನಾವು ನಿಶ್ಚಿಂತೆಯಾಗಿರೋದು, ಅವಕ್ಕೇ ಕಾವಲು ಹೆಚ್ಚು ಬೇಕಾದದ್ದು.

ಈ ವರ್ಷ ಬೆಲ್ಲನ ಪರೀಕ್ಷೆ ಮುಗಿದ ವಾರ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಆಶ್ರಯಕೇಂದ್ರದಲ್ಲಿ ಎಂಟು ವರ್ಷದ ಒಂದು ಹೆಣ್ಣುನಾಯಿ ನೋಡಿಟ್ಟಿದ್ದಾರಂತೆ, ಯಾರೂ ಬೇಡವೆಂದು ಬಿಟ್ಟುಹೋದದ್ದು. ಕರೆತರೋಕೆ ಇನ್ನೂ ಹತ್ತು ದಿನವಿದೆ. ಅಷ್ಟರಲ್ಲಿ ಬೇಲಿಯವನ ನಂಬರ್ ಬೇಕು, ಆ ರ‍್ಯಾಂಪ್ ಎಲ್ಲಿ ಸಿಗುತ್ತೆ ಹೇಳಬೇಕು, ನಿನ್ನ ಗಂಡ ಬಂದು ಕಟ್ಟಿಕೊಡ್ತಾನಾ ಅಂತ ಕೇಳಿದರು. ಕಟ್ಟಿಕೊಟ್ಟ. ಹಳದಿ ಕುಂಡವನ್ನು ಅವರೇ ಹೋಗಿ ತಂದರು.